ಕಬ್ಬಿಣ ತಿನ್ನುವ ಅಮ್ಮ

ನಾನು ಒಂದು ಜಾಲರಿ. ಮರದ ಬುಡಕ್ಕೆ ಹಾಸುವ ಬೀಡುಕಬ್ಬಿಣದ ಜಾಲರಿ. ಮೋರಿ ಮುಚ್ಚುವ ಜಾಲರಿ ಎಂದುಕೊಂಡು ನನ್ನ ಮೇಲೆ ಎಲೆಯಡಿಕೆ ಉಗಿದವರು ಬೇಕಾದಷ್ಟು ಜನ ಇದ್ದಾರೆ. ಅವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮೋರಿಯ ಜಾಲರಿಯ ಕೆಳಗೆ ಕೊಳಚೆ ಇರುತ್ತದೆ, ನನ್ನ ಕೆಳಗೆ ಬೇರು ಇತ್ತು. ಇಷ್ಟು ವ್ಯತ್ಯಾಸ ತಿಳಿಯದವರಿಗೆ ಏನು ಹೇಳುವುದು?

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಕರಿಮರಳಿನ ಅಚ್ಚಿನೊಳಗೆ ಕಾದ ಬೀಡು ಹರಿದು ಬಂದಾಗಿನ ಉರಿ ಈಗಲೂ ನೆನಪಿದೆ. ಅಚ್ಚು ಒಡೆದು ನನ್ನನ್ನು ಹೊರಗೆಳೆದವರು ಪರಸಪ್ಪ ಎಂಬ ಹಳೆಯ ಕೆಲಸಗಾರರು. ನನ್ನದು ಎರಡು ಹೋಳು. ಕೂಡಿಸಿದರೆ ಒಂದು ಚೌಕ, ಅದರ ನಡುವೆ ಮರ ನಿಲ್ಲಲು ದುಂಡನೆಯ ಕಂಡಿ. ಆ ಕಂಡಿಯ ಸುತ್ತ ಒಂದರ ಹೊರಗೊಂದರಂತೆ ಕಬ್ಬಿಣದ ಬಳೆಗಳು. ಒಂದು ಬಳೆಯನ್ನು ಇನ್ನೊಂದಕ್ಕೆ ಹಿಡಿದಿಟ್ಟದ್ದು ತೆಳ್ಳನೆಯ ಕೊರಳುಗಳು.

ನನ್ನ ಚಿತ್ರ ಬರೆದಾಕೆ ಭಾರ್ಗವಿ. ಊರಿನ ತೆರೆದ ಜಾಗಗಳಲ್ಲಿ ನೆರಳು ಎಲ್ಲಿರಬೇಕು, ಕಾಲುದಾರಿ ಎಲ್ಲಿರಬೇಕು ಎಂದು ನಕ್ಷೆ ಹಾಕುವುದೇ ಅವಳ ಕೆಲಸ. ನನ್ನನ್ನು ನೋಡಲೆಂದೇ ಬೆಂಗಳೂರಿನಿಂದ ಬಂದಿದ್ದಳು.

"ಒಳಗಿನ ಬಳೆಗಳು ಬೇಕಾದಾಗ ನಾಲ್ಕು ಏಟಿಗೆ ಬಿಟ್ಟು ಬರಬೇಕು" ಎಂದಳು.

ಪರಸಪ್ಪ ಹಣೆಯ ಬೆವರು ಒರೆಸಿಕೊಂಡರು. "ಒಡಿಯೂ ಸಲುವಾಗಿ ಯಾರರ ಎರಕಾ ಹೊಯ್ತಾರೇನ್ರಿ ಮೇಡಂ?"

"ಮರ ದಪ್ಪ ಆಗುತ್ತಲ್ಲ. ಆಗ ಒಂದೊಂದೇ ಬಳೆ ತೆಗೆದುಬಿಡಬೇಕು. ಇಲ್ಲದಿದ್ರೆ ಕತ್ತು ಹಿಸುಕಿದ ಹಾಗಾಗುತ್ತೆ."

"ಹಂಗನ್ರಿ. ಹುಡುಗಿ ದೊಡ್ಡಾಕಿ ಆದಂಗ ಬಳಿ ಬದಲ್ಸೂದಿಲ್ಲೇನು, ಹಂಗ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಹುಟ್ಟಿದ ದಿನವೇ ಒಡೆಯುವ ಮಾತು ಯಾರಿಗೆ ರುಚಿಸೀತು?

ಲಾರಿಯಲ್ಲಿ ಬೆಂಗಳೂರಿಗೆ ಬಂದೆ. ನಗರದ ನಡುಮಧ್ಯೆ ಎದುರುಬದುರು ನಿಂತ ಎರಡು ಗಾಜಿನ ಕಟ್ಟಡ. ನಡುವೆ ಒಂದಿಷ್ಟು ಬಯಲು. ಅದು ಸಾರ್ವಜನಿಕರದು, ಯಾರು ಬೇಕಾದರೂ ಕೂರಬಹುದು, ದಾಟಬಹುದು. ಕಟ್ಟಡದ ಮಾಲೀಕರಿಗೆ ಅಲ್ಲೊಂದು ಕಾರಂಜಿ ಇಟ್ಟು ಸುತ್ತ ಹುಲ್ಲು ಬೆಳೆಸಿ 'ಒಳಗೆ ಬರಬೇಡಿ' ಎಂದು ಬೋರ್ಡು ಹಾಕುವ ಆಸೆಯಿತ್ತಂತೆ. ಭಾರ್ಗವಿ ಬಗ್ಗಲಿಲ್ಲ. ಬೇಸಿಗೆಯಲ್ಲಿ ದಿನಗಟ್ಟಲೆ ಅಲ್ಲೇ ಕೂತು, ಬಿಸಿಲು ಎಲ್ಲಿ ಬೀಳುತ್ತದೆ, ಮೆಟ್ರೋ ಇಳಿದ ಜನ ಎಲ್ಲಿ ಅಡ್ಡ ಹಾಯುತ್ತಾರೆ ಎಂದು ನೋಡಿದಳು. ಜನ ಓಡಾಡುವ ಜಾಡಿನಲ್ಲೇ ಓರೆಯಾಗಿ ಕಲ್ಲುದಾರಿ ಹಾಸಿಸಿದಳು. ಮಲಗಲು ಬಂದವನಿಗೂ ಅಡ್ಡಿಯಾಗದಂತೆ ನಡುವೆ ಕೈಯಾನಿಸುವ ಅಡ್ಡಪಟ್ಟಿ ಇಲ್ಲದ ಕಲ್ಲುಬೆಂಚು ಹಾಕಿಸಿದಳು. ಎರಡೂ ಕಟ್ಟಡಗಳ ಗಾಜಿನಿಂದ ಮಧ್ಯಾಹ್ನದ ಬಿಸಿಲು ಪ್ರತಿಫಲಿಸಿ ನೆಲ ಹಂಚಿನಂತೆ ಕಾಯುವ ಜಾಗ ಒಂದಿತ್ತು. ಸರಿಯಾಗಿ ಅಲ್ಲಿ ಒಂದು ಹೊಂಗೆ ನೆಡಿಸಿದಳು.

ಹೊಂಗೆಯ ಸುತ್ತ ನನ್ನ ಎರಡು ಹೋಳನ್ನೂ ತಂದು ಬೋಲ್ಟು ಬಿಗಿದರು. ಜನರ ತುಳಿತ ನನ್ನ ಮೇಲೆ, ಸಡಿಲ ಮಣ್ಣು ನನ್ನ ಕೆಳಗೆ. ಬಯಲಿನ ನೆಲವೆಲ್ಲ ಚೂರು ಚೂರೇ ನನ್ನತ್ತ ವಾಲಿತ್ತು. ಮಳೆ ಬಂದರೆ ನೀರು ನನ್ನ ಸೀಳುಗಳಲ್ಲಿ ಇಳಿದು ಬೇರಿಗೆ ಹೋಗುತ್ತಿತ್ತು.

ಹೊರಡುವ ದಿನ ಭಾರ್ಗವಿ ಕಟ್ಟಡದ ಮ್ಯಾನೇಜರನ್ನು ಕರೆದು ತೋರಿಸಿದಳು. "ಕಾಂಡಕ್ಕೂ ಬಳೆಗೂ ಮಧ್ಯೆ ಬೆರಳು ತೂರೋದು ಕಷ್ಟ ಆದ ದಿನ ಒಳಬಳೆ ಒಡೆಸಿಬಿಡಿ. ಮರೆತರೆ ಮರ ಸತ್ತುಹೋಗುತ್ತೆ."

ಆತ ಹೂಂ ಹೂಂ ಎಂದು ತಲೆಯಾಡಿಸಿದ. ಮುಂದಿನ ವರ್ಷ ಬೇರೆ ಕಟ್ಟಡಕ್ಕೆ ವರ್ಗವಾಗಿ ಹೋದ. ಮಾತೂ ಅವನ ಜೊತೆ ಹೋಯಿತು. ಅವನ ಜಾಗಕ್ಕೆ ದಿನಕರ್ ಬಂದ. ಬಳೆಯ ವಿಷಯ ಅವನಿಗೆ ಯಾರೂ ಹೇಳಲಿಲ್ಲ.

ನನಗೆ ಮನುಷ್ಯರು ಕಾಣುವುದು ಅಂಗಾಲಿನಿಂದ. ದಿನಕರನ ಪಾಲಿಶ್ ಹಾಕಿದ ಬೂಟು ನನ್ನ ಮೇಲೆ ಎಂದೂ ನಿಂತಿದ್ದಿಲ್ಲ, ದಾಟಿಕೊಂಡು ಹೋಗುತ್ತಿತ್ತು. ಸವೆದ ಹಿಮ್ಮಡಿಯ ಕರಿ ಬೂಟು ಕಾವಲುಗಾರ ಗಂಗಹನುಮಯ್ಯನದು. ಮಾಗಡಿ ಕಡೆಯ ಮನುಷ್ಯ, ನಲವತ್ತು ದಾಟಿದವನು, ದಿನವಿಡೀ ಬಿಸಿಲಲ್ಲಿ ನಿಲ್ಲುವ ಕೆಲಸ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಅವನ ಹೆಂಡತಿ ಹೊಂಬಾಳಮ್ಮನದು. ಅದೇ ಕಟ್ಟಡದಲ್ಲಿ ನೆಲ ಒರೆಸುತ್ತಿದ್ದಳು. ಒಳಗಿನ ಕ್ಯಾಂಟೀನಿನಲ್ಲಿ ಕೆಲಸದ ಹೆಂಗಸರು ಕೂತು ಉಣ್ಣುವ ಹಾಗಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಹಿಡಿದು ಹೊಂಗೆಯ ಕೆಳಗೆ ಬರುತ್ತಿದ್ದರು. ಸುತ್ತ ಬೆಂಕಿ ಸುರಿದರೂ ಅಲ್ಲಿ ತಂಪು. ಒಬ್ಬಳ ಸಾರು ಇನ್ನೊಬ್ಬಳ ಮುದ್ದೆಗೆ, ಒಬ್ಬಳ ಅತ್ತೆಯ ಸುದ್ದಿ ಇನ್ನೊಬ್ಬಳ ಬಾಯಿಗೆ. ಆ ಹೊತ್ತು ನನಗೆ ಬಹಳ ಇಷ್ಟ.

ಮರ ಬೆಳೆಯಿತು. ಮೊದಲ ಸಲ ತೊಗಟೆ ನನ್ನ ಒಳಬಳೆಯನ್ನು ಮುಟ್ಟಿದಾಗ ಹಿತವಾಗಿತ್ತು, ಸುಳ್ಳೇಕೆ. ಮುಂದಿನ ಮಳೆಗಾಲಕ್ಕೆ ಅದು ಒತ್ತತೊಡಗಿತು. ಬಗ್ಗುವ ಗುಣ ನನ್ನದಲ್ಲ. ಬೀಡುಕಬ್ಬಿಣ ಬಗ್ಗುವುದಿಲ್ಲ, ಒಡೆದರೆ ಒಡೆಯುತ್ತದೆ. ಮರಕ್ಕೂ ಬೆಳೆಯುವುದೊಂದೇ ಗೊತ್ತು. ಇಬ್ಬರೂ ಹಟಮಾರಿಗಳು, ನಡುವೆ ಬಂದು ಬಿಡಿಸುವವರಿಲ್ಲ. ಒಳಗೆ ನೀರು ಏರುವ ದಾರಿ ಇಕ್ಕಟ್ಟಾಗುತ್ತಿರುವುದು ನನಗೆ ತಿಳಿಯುತ್ತಿತ್ತು. ದಿನಾ ಬೆಳಿಗ್ಗೆ 'ಇವತ್ತಾದರೂ ಯಾರಾದರೂ ಬಗ್ಗಿ ನೋಡಲಿ' ಎಂದು ಕಾಯುತ್ತಿದ್ದೆ. ಸಾವಿರ ಕಾಲು ದಾಟಿಹೋಗುತ್ತಿದ್ದವು. ನನಗೆ ಭಯವಾಗುತ್ತಿತ್ತು.

ಕಡೆಗೆ ತೊಗಟೆ ಒಂದು ಕಡೆ ನನ್ನ ಮೇಲೆ ಉಕ್ಕಿತು. ಬೆಂಚುಗಳತ್ತ ಇರುವ ಕಡೆಯಲ್ಲಿ, ಮೇಲಿಂದ ಒಂದು ದಪ್ಪ ಮಡಿಕೆ, ಕೆಳಗಿಂದ ಒಂದು. ಎರಡರ ನಡುವೆ ನನ್ನ ಒಳಬಳೆ ಸಿಕ್ಕಿಕೊಂಡಿತು. ದೂರದಿಂದ ನೋಡಿದವರಿಗೆ ಎರಡು ತುಟಿಗಳು ಕಬ್ಬಿಣವನ್ನು ಕಚ್ಚಿ ಹಿಡಿದಂತೆ ಕಾಣುತ್ತಿತ್ತು.

ಅದನ್ನು ಮೊದಲು ಕಂಡವನು ಗಂಗಹನುಮಯ್ಯ. ಆಗ ಹೊಂಬಾಳಮ್ಮ ಡೆಂಗಿ ಜ್ವರದಲ್ಲಿ ಆಸ್ಪತ್ರೆ ಸೇರಿದ್ದಳು, ಇಂದೋ ನಾಳೆಯೋ ಎನ್ನುವ ಹಾಗಿದ್ದಳು. ಅವನು ಕೆಲಸಕ್ಕೆ ಬಂದು ನಿಂತಿದ್ದರೂ ಜೀವವೆಲ್ಲ ಅಲ್ಲೇ ಇತ್ತು. ಬುಡದಲ್ಲಿ ಕುಸಿದು ಕೂತವನ ಕಣ್ಣಿಗೆ ಆ ತುಟಿಗಳು ಬಿದ್ದವು. ಟೋಪಿ ತೆಗೆದು ಕೈ ಮುಗಿದ.

"ಕಬ್ಬಿಣಾನೇ ತಿಂತಾ ಇದೀಯಲ್ಲ ತಾಯಿ, ನನ್ನೋಳ ಕಾಯ್ಲೆ ತಿನ್ನಕ್ಕಾಗಕಿಲ್ವಾ?"

ಅಯ್ಯೋ ಪುಣ್ಯಾತ್ಮ, ತಿನ್ನುತ್ತಿರುವುದು ನಾನು, ತಿನ್ನಿಸಿಕೊಳ್ಳುತ್ತಿರುವುದು ಅದು ಎಂದು ಕೂಗಬೇಕೆನಿಸಿತು. ಕಬ್ಬಿಣಕ್ಕೆ ಗಂಟಲೆಲ್ಲಿಯದು?

ಹೊಂಬಾಳಮ್ಮ ಗುಣವಾಗಿ ಕೆಲಸಕ್ಕೆ ಬಂದಳು. ಗಂಗಹನುಮಯ್ಯ ಆ ದಿನವೇ ತುಟಿಗಳಿಗೆ ಅರಿಸಿನ ಬಳಿದು ಕುಂಕುಮ ಇಟ್ಟ. ಅಲ್ಲಿಂದ ಶುರು. ಕೆಲಸದ ಹೆಂಗಸರು ಹೂ ತಂದರು. ಕುತ್ತಿಗೆಗೆ ಗುರುತಿನ ಬಿಲ್ಲೆ ತೂಗುಹಾಕಿಕೊಂಡ ಆಫೀಸಿನ ಹುಡುಗ ಹುಡುಗಿಯರು ಬಡ್ತಿಯ ತಿಂಗಳು ಬಂತೆಂದರೆ ಸುತ್ತು ಹಾಕತೊಡಗಿದರು. 'ಕಬ್ಬಿಣ ತಿನ್ನುವ ಅಮ್ಮ' ಎಂದು ಹೆಸರಾಯಿತು. ಕಾಂಡಕ್ಕೆ ದಾರ ಸುತ್ತಿದರು, ಹಾಲು ಸುರಿದರು, ಇರುವೆ ಬಂದವು. ದಾರದ ಸುತ್ತಿನಡಿಯಲ್ಲಿ ತೊಗಟೆ ಇನ್ನೆಷ್ಟು ಉಬ್ಬಿದೆ ಎಂಬುದೂ ಕಾಣದಾಯಿತು. ಹುಣ್ಣಿಗೆ ಕುಂಕುಮ ಹಚ್ಚಿ ಕೈ ಮುಗಿದ ಹಾಗಾಯಿತು. ಆದರೂ ಗಂಗಹನುಮಯ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಂಡತಿ ಡಬ್ಬಿ ಬಿಚ್ಚುವುದನ್ನು ಅವನು ನೋಡುತ್ತಿದ್ದ ರೀತಿ ಹಾಗಿತ್ತು.

ಒಂದು ಚಳಿಗಾಲ, ಮರದ ಒಂದು ಪಾರ್ಶ್ವದ ಎಲೆ ಹೊತ್ತಲ್ಲದ ಹೊತ್ತಿನಲ್ಲಿ ಹಳದಿಯಾಯಿತು. ಆ ಕಡೆಯ ಕೊಂಬೆಗಳು ಒಣಗಿದವು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಲಟಲಟನೆ ಸದ್ದಾಗಿ ಒಂದು ಕೊಂಬೆ ಕೆಳಗೆ ಬಂತು. ಹೊಂಬಾಳಮ್ಮ ಆಗತಾನೇ ನೀರು ತರಲು ಎದ್ದುಹೋಗಿದ್ದಳು. ಅವಳು ಕೂತ ಜಾಗದಲ್ಲಿ ಅವಳ ಡಬ್ಬಿ ಅಪ್ಪಚ್ಚಿಯಾಗಿತ್ತು.

ದಿನಕರ್ ಓಡಿ ಬಂದ. ಅವನ ಬೂಟು ಆವತ್ತು ಮೊದಲ ಸಲ ನನ್ನ ಮೇಲೆ ನಿಂತಿತು. "ನಾಳೆ ಯಾರ ತಲೆ ಮೇಲಾದ್ರೂ ಬಿದ್ರೆ ಜವಾಬ್ದಾರಿ ನಂದು. ಮರ ತೆಗೆಸ್ತೀನಿ" ಎಂದ. ಅವನ ಹೆದರಿಕೆ ಸುಳ್ಳಲ್ಲ, ಅದನ್ನು ನಾನು ಒಪ್ಪುತ್ತೇನೆ. ಮರ ಕಡಿಯಲು ಅನುಮತಿಯೂ ಬಂತು. ಅಲ್ಲಿ ಮುಂದೆ ಕಾಫಿ ಅಂಗಡಿಯ ಛತ್ರಿಗಳು ಬರುವುದೆಂದಾಯಿತು. ಛತ್ರಿಯ ಕೆಳಗೆ ಕೂರಲು ಕಾಫಿ ಕೊಳ್ಳಬೇಕು. ಕೆಲಸದ ಹೆಂಗಸರು ಮೆಟ್ಟಿಲ ಕೆಳಗೆ ಕೂತು ಉಣ್ಣುವುದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಛತ್ರಿಗಳಿಗೆ ನಕ್ಷೆ ಬೇಕಲ್ಲ? ದಿನಕರ್ ಭಾರ್ಗವಿಯನ್ನೇ ಕರೆಸಿದ.

ಅವಳು ಬಂದ ಮಧ್ಯಾಹ್ನವೇ ಗರಗಸದವರೂ ಹಗ್ಗ ಏಣಿ ಸಮೇತ ಬಂದಿಳಿದಿದ್ದರು. ಭಾರ್ಗವಿಯ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ನಕ್ಷೆಯ ಮಾತೇ ಎತ್ತದೆ ಮೊಣಕಾಲೂರಿ ಕೂತಳು. ದಾರಗಳನ್ನು ಸರಿಸಿದಳು, ಒಣಗಿದ ಹೂ ತೆಗೆದಳು. ನನ್ನ ಕಾಣುವ ಭಾಗದ ಮೇಲೆ ಕೈಯಿಟ್ಟಳು. ಆ ಕೈ ತಣ್ಣಗಿತ್ತು.

"ಒಂದು ಬಳೇನೂ ತೆಗೆದಿಲ್ಲ" ಎಂದಳು. ದಿನಕರನತ್ತ ತಿರುಗಿದಳು. "ಮರಕ್ಕೆ ರೋಗ ಇಲ್ಲ ಸರ್. ಉಸಿರು ಕಟ್ಟಿದೆ, ಅಷ್ಟೇ. ಕಬ್ಬಿಣ ತೆಗೆದರೆ ಬದುಕಬಹುದು."

"ಬದುಕಬಹುದು ಅಂದ್ರೆ? ಬದುಕುತ್ತೆ ಅಂತ ಹೇಳಿ."

"ಹೇಳೋಕಾಗಲ್ಲ. ಒಣಗಿದ ಕೊಂಬೆ ಇವತ್ತೇ ತೆಗೆಸಿ, ಕಬ್ಬಿಣ ಒಡೆಸಿ. ಯುಗಾದಿವರೆಗೆ ಕಾಯಿರಿ. ಆ ಕಡೆ ಚಿಗುರು ಬರದಿದ್ರೆ ನಾನೇ ನಿಂತು ಕಡಿಸ್ತೀನಿ."

ದಿನಕರ್ ಒಪ್ಪಿದ. ಸುತ್ತಿಗೆ ಬಂತು. ಆದರೆ ಹಿಡಿಯುವವರಿಲ್ಲ. ಗರಗಸದವರ ಮೇಸ್ತ್ರಿ ಹಿಂದೆ ಸರಿದ. "ಕುಂಕುಮ ಇಟ್ಟಿರೋದಕ್ಕೆ ನಾವು ಏಟು ಹಾಕಲ್ಲ ಸಾರ್. ಪೂಜೆ ಮಾಡೋರು ಒಪ್ಪಬೇಕು." ಎಲ್ಲರೂ ಗಂಗಹನುಮಯ್ಯನ ಕಡೆ ನೋಡಿದರು.

ಅವನು ಮರಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಿದ್ದ. "ನನ್ನ ಹೆಂಡ್ತೀನ ಉಳಿಸಿಕೊಟ್ಟ ಬಾಯಿ ಮೇಡಮ್ನೋರೆ. ಅದಕ್ಕೆ ಸುತ್ತಿಗೆ ಹೊಡಿ ಅಂತೀರಲ್ಲ."

"ಇದು ಬಾಯಿ ಅಲ್ಲ ಗಂಗಹನುಮಯ್ಯನವರೇ, ಗಾಯ. ನೋವಿಗೆ ಊದಿಕೊಂಡಿದೆ."

ಅವನು ಬಗ್ಗಿ ನೋಡಿದ. ವರ್ಷಗಟ್ಟಲೆ ತಾನೇ ಕುಂಕುಮ ಹಚ್ಚಿದ್ದನ್ನು ಹೊಸದಾಗಿ ಕಂಡವನ ಹಾಗೆ ನೋಡಿದ. "ಗಾಯಾನೇ ಇರಬೋದು" ಎಂದ ಮೆಲ್ಲಗೆ. "ಅಮ್ಮಂಗೂ ಗಾಯ ಆಗಬೋದು. ಆದ್ರೆ ನಾನು ಹೇಳಿ, ನಾನೇ ಒಡೆಸಿ, ನಾಳೆ ಇವಳಿಗೆ ಮತ್ತೆ ಏನಾದ್ರೂ ಆದ್ರೆ?"

ದಿನಕರ್ ಗೊಣಗಿದ. "ಇವತ್ತು ಆಗದಿದ್ರೆ ಭಾನುವಾರ ಬೇರೆಯವರನ್ನ ಕರೆಸಿ ಮರಾನೇ ಇಳಿಸ್ತೀನಿ. ಆಗ ಇಲ್ಲಿ ತಡೆಯೋಕೆ ಯಾರೂ ಇರಲ್ಲ."

ಗಂಗಹನುಮಯ್ಯ ಕುಂಕುಮದ ತುಟಿಗಳತ್ತ ತಿರುಗಿದ. "ಅಪ್ಪಣೆ ಕೇಳ್ತೀನಿ. ಹೂ ಬಲಕ್ಕೆ ಬಿದ್ರೆ ಒಡೀರಿ. ಎಡಕ್ಕೆ ಬಿದ್ರೆ ಯಾರೂ ಮುಟ್ಟಂಗಿಲ್ಲ."

ಭಾರ್ಗವಿ "ಕೇಳಿ" ಎಂದಳು. ಬೇರೆ ಏನು ಹೇಳಿಯಾಳು?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೇವರ ಮುಂದೆ ತೀರ್ಮಾನಕ್ಕೆ ಬಾರದ ಮಾತು ಇದ್ದಾಗ, ಎರಡು ಹೂವನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡದ್ದು ಬಿದ್ದರೆ ಬೇಡ. ಗಂಗಹನುಮಯ್ಯ ಬೂಟು ಬಿಚ್ಚಿಟ್ಟು, ಎರಡು ಸೇವಂತಿಗೆ ತೋಯಿಸಿ, ಮೇಲುತುಟಿಯ ಎರಡು ಕೊನೆಗೆ ಒತ್ತಿದ. ಎದುರಿಗೆ ಕೈಮುಗಿದು ಕೂತ.

ಕಾದೆವು. ಆಫೀಸಿನ ಜನ ಮೊಬೈಲು ಕೆಳಗಿಳಿಸಿ ನಿಂತರು. ಗಾಜಿನ ಬಿಸಿಲು ನನ್ನ ಮೇಲೆ ಬಿತ್ತು, ನಾನು ಬಿಸಿಯೇರತೊಡಗಿದೆ. ಹೂವಿನ ನೀರು ಆರುತ್ತಿತ್ತು. ಎರಡೂ ಹೂ ಅಲ್ಲಾಡಲಿಲ್ಲ. ಮೇಸ್ತ್ರಿ ಬೀಡಿ ಹಚ್ಚಲು ಹೋಗಿ ಹಚ್ಚದೆ ಜೇಬಿಗಿಟ್ಟ. ಭಾರ್ಗವಿ ಕಣ್ಣು ಮುಚ್ಚಿದ್ದಳು. ಹುಟ್ಟಿದ ದಿನ ಒಡೆಯುವ ಮಾತಿಗೆ ಸಿಡುಕಿದ್ದ ನಾನು, ಆವತ್ತು ಒಡೆಯಲಿ, ಒಡೆಯಲಿ ಎಂದು ಬೇಡಿಕೊಂಡೆ. ಇಷ್ಟು ವರ್ಷ ತಬ್ಬಿದ ಜೀವವನ್ನು ನನ್ನ ಕೈಯಾರೆ ಕೊಲ್ಲುವುದು ನನಗೆ ಬೇಡವಾಗಿತ್ತು.

ಒಂದು ಹೂ ಜಾರಿತು. ನನ್ನ ಮೇಲೆ ಬಿತ್ತು.

ಗಂಗಹನುಮಯ್ಯ ಅದನ್ನೇ ನೋಡಿದ. "ಎಡ" ಎಂದ. "ಎಡಕ್ಕೆ ಕೊಟ್ಟಳು."

ದಿನಕರ್ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದ. ಭಾರ್ಗವಿ ಎದ್ದು ಮಣ್ಣು ಕೊಡವಿಕೊಂಡಳು, ಅವಳ ಕಣ್ಣು ತುಂಬಿತ್ತು. ಭಾನುವಾರ ದೂರವಿರಲಿಲ್ಲ. ಮುಗಿಯಿತು ಎಂದುಕೊಂಡೆ.

ಹೊಂಬಾಳಮ್ಮ ಹೆಂಗಸರ ನಡುವಿನಿಂದ ಮುಂದೆ ಬಂದಳು. "ಅಲ್ಲಾ ಕಣ್ರೀ, ಯಾರ ಎಡ?"

"ಯಾರ ಎಡ ಅಂದ್ರೆ? ಇದೇ ಎಡ" ಎಂದು ಅವನು ಎಡಗೈ ತೋರಿಸಿದ.

"ಅದು ನಿಮ್ಮ ಎಡ. ಕೇಳಿದ್ದು ಅಮ್ಮನ್ನ. ಅಮ್ಮ ನಿಮ್ಮ ಕಡೆ ಮುಖ ಮಾಡವ್ಳೆ. ಗುಡೀಲಿ ಹೆಂಗೆ ನೋಡ್ತಾರೆ?"

ಗಂಗಹನುಮಯ್ಯ ನಿಧಾನವಾಗಿ ಎದ್ದು, ತಿರುಗಿ, ಮರಕ್ಕೆ ಬೆನ್ನು ಹಚ್ಚಿ, ಅಮ್ಮ ನಿಂತ ಹಾಗೆ ಎಲ್ಲರಿಗೂ ಮುಖ ಮಾಡಿ ನಿಂತ. ಬಲಗೈ ಕೆಳಗಿಳಿಸಿದ. ಆ ಕೈ ನೇರವಾಗಿ ಬಿದ್ದ ಹೂವಿನ ಮೇಲೆ ಬಂತು. ವರ್ಷಗಟ್ಟಲೆ ದೇವರ ಮುಂದೆ ಹೂ ಕೇಳಿ ಬೆಳೆದ ಊರಿನವನು ಹೆದರಿಕೆಯಲ್ಲಿ ಅಷ್ಟನ್ನು ಮರೆತಿದ್ದ. ಅವನು ಅಲ್ಲೇ ನಿಂತು ಅತ್ತುಬಿಟ್ಟ.

"ಮೊದಲ ಏಟು ನೀವೇ ಹಾಕಿ" ಎಂದಳು ಹೊಂಬಾಳಮ್ಮ. "ನನಗೇನಾಗತ್ತೋ ಆಗ್ಲಿ. ಮರ ಹೋದ್ರೆ ನಾನೆಲ್ಲಿ ಕೂತು ಉಣ್ಣಲಿ?"

ಅವನು ಕುಂಕುಮ ಒರೆಸಿದ. ಸುತ್ತಿಗೆ ಎತ್ತಿದ. ಮೊದಲ ಏಟಿಗೆ ನಾನು ಗಂಟೆಯಂತೆ ಕೂಗಿದೆ. ಮರ ಬುಡದಿಂದ ತುದಿಯವರೆಗೆ ನಡುಗಿ ಒಣಎಲೆ ಉದುರಿತು. ಭಾರ್ಗವಿ ಹೊರಗಿನ ಬಳೆಯಿಂದ ಶುರುಮಾಡಿಸಿದಳು, ಪ್ರತಿ ಕೊರಳಿನ ಮೇಲೂ ಬೆರಳಿಟ್ಟು ತೋರಿಸಿದಳು. "ಇಲ್ಲಿ. ಮೆಲ್ಲಗೆ. ತೊಗಟೆಗೆ ತಾಗಬಾರದು." ಒಂದು ಕೊರಳು ಹೋಯಿತು, ಇನ್ನೊಂದು ಹೋಯಿತು. ಗಂಗಹನುಮಯ್ಯನ ಕೈ ಸೋತಾಗ ಮೇಸ್ತ್ರಿ ತಾನೇ ಸುತ್ತಿಗೆ ಇಸಿದುಕೊಂಡ. ನೋವಾಯಿತೇ ಎಂದು ಕೇಳಿದರೆ, ಆಯಿತು. ಆದರೆ ಒಳಬಳೆ ಎದುರುಬದುರು ಎರಡು ಕಡೆ ಬಿರಿದು ಬಿಗಿತ ಸಡಿಲವಾದ ಕ್ಷಣ, ತೊಗಟೆಯ ಕೆಳಗೆ ಏನೋ ಹರಿದದ್ದು ನನಗೆ ಗೊತ್ತಾಯಿತು.

ಕಚ್ಚಿಕೊಂಡ ತುಂಡು ಮಾತ್ರ ಬರಲಿಲ್ಲ. ಮೇಸ್ತ್ರಿ ಹಾರೆ ಹಾಕಲು ಹೊರಟ. ಭಾರ್ಗವಿ ತಡೆದಳು. "ಕಿತ್ತರೆ ಕಾಂಡ ಸೀಳುತ್ತೆ. ಅದು ಒಳಗೇ ಇರಲಿ."

ಹಾಗೆ ನಾನು ಎರಡಾದೆ. ಹೆಚ್ಚುಪಾಲು ಗೂಡ್ಸ್ ಆಟೋ ಹತ್ತಿ ಗುಜರಿಗೆ ಹೋಯಿತು. ಈಗ ಯಾವ ಊರಿನಲ್ಲಿ ಬಾಣಲೆಯಾಗಿದೆಯೋ, ಯಾವ ಪಂಪಿನ ಹೊಟ್ಟೆಯಾಗಿದೆಯೋ. ಉಳಿದದ್ದು ನಾನು, ಬಳೆಯ ಒಂದು ತುಣುಕು.

ಯುಗಾದಿಯವರೆಗಿನ ದಿನಗಳು ಕೆಟ್ಟವಾಗಿದ್ದವು. ಊರಿನ ಹೊಂಗೆಗಳೆಲ್ಲ ಚಿಗುರಿದ ಸುದ್ದಿ ಹೆಂಗಸರ ಮಾತಿನಲ್ಲಿ ಬರುತ್ತಿತ್ತು. ನಮ್ಮದರ ಒಂದು ಪಾರ್ಶ್ವ ಬರಿ ಕಡ್ಡಿ. ದಿನಕರ್ ದಿನಾ ಬಂದು ಮೇಲೆ ನೋಡಿ ಹೋಗುತ್ತಿದ್ದ. ಗಂಗಹನುಮಯ್ಯ ಬೆಳಿಗ್ಗೆ ಬಕೆಟ್ಟಿನಲ್ಲಿ ನೀರು ಹೊತ್ತು ಸುರಿಯುತ್ತಿದ್ದ. ಹೊಂಬಾಳಮ್ಮ ಒಮ್ಮೆ ಸೀನಿದರೂ ಬೆಚ್ಚಿಬೀಳುತ್ತಿದ್ದ. ಹಬ್ಬದ ಹಿಂದಿನ ದಿನ ದಿನಕರನೇ ಅವನನ್ನು ಕೂಗಿದ. "ಗಂಗಹನುಮಯ್ಯ, ಬನ್ನಿ ಇಲ್ಲಿ. ಆ ಮೇಲಿನ ಕೊಂಬೆ ನೋಡಿ. ನನ್ನ ಕಣ್ಣು ಸರಿ ಇದೆಯಾ?" ಕೆಂದು ಬಣ್ಣದ ನಾಲ್ಕು ಎಲೆ, ಉಗುರಿನಷ್ಟು. ಛತ್ರಿಗಳ ಮಾತು ಅಲ್ಲಿಗೆ ನಿಂತಿತು.

ಆಮೇಲೆ ವರ್ಷಗಳಾದವು. ನನ್ನ ಸುತ್ತ ತೊಗಟೆ ಬೆಳೆಯುತ್ತಾ ಬಂತು. ಬೆಳಕು ಮೊದಲು ಗೆರೆಯಾಯಿತು, ಆಮೇಲೆ ಚುಕ್ಕೆಯಾಯಿತು, ಒಂದು ಮಳೆಗಾಲದಲ್ಲಿ ಪೂರ್ತಿ ಹೋಯಿತು. ಈಗ ನನಗೆ ಯಾರ ಕಾಲೂ ಕಾಣುವುದಿಲ್ಲ. ಕತ್ತಲಲ್ಲಿ ತುಕ್ಕೂ ಹಿಡಿಯದೆ ಕೂತಿದ್ದೇನೆ. ನೀರು ಏರುವ ಸದ್ದು ದಿನವಿಡೀ ಕೇಳುತ್ತದೆ, ಮಧ್ಯಾಹ್ನ ಡಬ್ಬಿಗಳ ಮುಚ್ಚಳದ ಸದ್ದು ಕೇಳುತ್ತದೆ. ಬಿಗಿಯಾಗಿ ಹಿಡಿದುಕೊಳ್ಳುವುದೇ ಕಾಪಾಡುವುದೆಂದು ನಾನು ತಿಳಿದಿದ್ದ ಕಾಲವೂ ಇತ್ತು. ಒಡೆದ ಮೇಲೆಯೇ ನನಗೆ ಇಲ್ಲಿ ಜಾಗ ಸಿಕ್ಕಿತು. ನನಗೆ ಯಾವ ಬೇಸರವೂ ಇಲ್ಲ.

ಮೊನ್ನೆ ಒಂದು ಹೊಸ ದನಿ ಕೇಳಿತು, ಹರೆಯದ ಹುಡುಗಿಯದು, ಅವಸರದ್ದು. "ತಾತ, ಇಲ್ಲಿ ಕಬ್ಬಿಣ ತಿನ್ನೋ ಅಮ್ಮನ ಬಾಯಿ ಇತ್ತಂತಲ್ಲ? ನಾಳೆ ನನ್ನ ಇಂಟರ್‌ವ್ಯೂ. ಎಷ್ಟು ಹುಡುಕಿದ್ರೂ ಕಾಣ್ತಿಲ್ಲ."

ಗಂಗಹನುಮಯ್ಯನ ಉಸಿರು ಈಗ ಸ್ವಲ್ಪ ಏದುತ್ತದೆ. ಪಕ್ಕದಲ್ಲಿ ಹೊಂಬಾಳಮ್ಮ ಡಬ್ಬಿ ಬಿಚ್ಚುವ ಸದ್ದಾಯಿತು. ಅವನು ಕಾಂಡದ ಮೇಲೆ, ಸರಿಯಾಗಿ ನಾನಿರುವಲ್ಲಿ, ಅಂಗೈ ಇಟ್ಟ.

"ಊಟ ಮುಗೀತು ಕಣವ್ವ, ಬಾಯ್ ಮುಚ್ಕಂಡ್ಳು. ನೀನೂ ಕೂತ್ಕೊಂಡು ಉಣ್ಣು."